ಎರಡನೇ ಸಲದ ಮದ್ದು

ನಮ್ಮ ಮನೆಯಲ್ಲಿ ಮನುಷ್ಯರ ಕೋಣೆಗಳಿಗಿಂತ ಹುಳುಗಳ ಕೋಣೆ ದೊಡ್ಡದಾಗಿತ್ತು. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅವರ ಇಬ್ಬರು ಗಂಡುಮಕ್ಕಳು, ಅಪ್ಪ, ಅಮ್ಮ, ನಾನು, ಹೀಗೆ ಎಂಟು ಜನ ಎರಡು ಕೋಣೆ ಮತ್ತು ಒಂದು ಪಡಸಾಲೆಯಲ್ಲಿ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಮಲಗುತ್ತಿದ್ದೆವು. ರೇಷ್ಮೆ ಹುಳುಗಳು ಮಾತ್ರ ಹಿತ್ತಲಿನ ಉದ್ದನೆಯ ಹೆಂಚಿನ ಮನೆಯಲ್ಲಿ, ಎಲ್ಲ ಕಿಟಕಿಗೂ ಬಲೆ ಹೊಡೆಸಿಕೊಂಡು, ತಟ್ಟೆಯ ಮೇಲೆ ತಟ್ಟೆಯಾಗಿ ಹಾಯಾಗಿ ಇರುತ್ತಿದ್ದವು. ನಮ್ಮ ಊರು ತೆಲುಗು ಸೀಮೆಯ ಗಡಿಯ ಕಡೆ, ಬೈರಕೂರಿನಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಕೋಪ ಬಂದಾಗ ಪೂರ್ತಿ ತೆಲುಗು. ಹುಳದ ಮನೆಯ ಬಾಗಿಲಲ್ಲಿ ಅಜ್ಜಿ ಕೂತಿರುತ್ತಿದ್ದಳು, ಪಕ್ಕದಲ್ಲಿ ಸುಣ್ಣದ ಪುಡಿಯ ತಟ್ಟೆ, ಇನ್ನೊಂದು ಪಕ್ಕದಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು. ಕಾಲು ಅದರಲ್ಲಿ ಅದ್ದಿ, ಇದರಲ್ಲಿ ತುಳಿದು, ಕೈ ತೋರಿಸಿ ಒಳಗೆ ಹೋಗಬೇಕು. ಕ್ಷೌರ ಮಾಡಿಸಿಕೊಂಡು ಮುಖಕ್ಕೆ ಪೌಡರ್ ಹಾಕಿಸಿಕೊಂಡು ಬಂದ ದೊಡ್ಡಪ್ಪನನ್ನೇ ಅವಳು ಒಂದು ದಿನವಿಡೀ ಹೊರಗೆ ನಿಲ್ಲಿಸಿದ್ದಳು. ಹೊಗೆಸೊಪ್ಪು, ಬೀಡಿ, ಸೊಳ್ಳೆ ಬತ್ತಿ, ಹಸುವಿನ ಉಣ್ಣೆಗೆ ಉದುರಿಸುವ ಪುಡಿ, ಬೇವಿನೆಣ್ಣೆ, ಯಾವುದೂ ಆ ಗೋಡೆಯ ಹತ್ತಿರ ಸುಳಿಯುವಂತಿಲ್ಲ. ಊಜಿ ನೊಣ ಅಂತ ಒಂದಿದೆ. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಮರಿ ಒಳಗೆ ಸೇರಿಕೊಂಡು ಹುಳುವನ್ನೇ ತಿಂದು ಬೆಳೆಯುತ್ತದೆ. ಒಂದು ಊಜಿ ನೊಣ ಕಂಡರೆ ಸಾಕು, ಮನೆಮಂದಿಯೆಲ್ಲ ಟವೆಲ್ಲು ಹಿಡಿದುಕೊಂಡು ಅಟ್ಟಾಡಿಸುತ್ತಿದ್ದೆವು. ನನಗೆ ಓದು ಬರೆಹ ಬರುವ ಮೊದಲೇ ಇಷ್ಟು ಗೊತ್ತಿತ್ತು: ಒಂದು ಜೀವದ ಮೇಲೆ ಇನ್ನೊಂದು ಜೀವ ಕೂತು ತಿನ್ನುತ್ತದೆ, ಅದನ್ನು ಬರದ ಹಾಗೆ ನೋಡಿಕೊಳ್ಳುವುದೇ ಮನೆವಾರ್ತೆ.

ಇಂಥ ಮನೆಗೆ ನಾನು ಎರಡು ಮೊಲ ತಂದೆ. ತಂದೆ ಅನ್ನುವುದಕ್ಕಿಂತ ಅಪ್ಪ ತಂದುಕೊಟ್ಟ ಅನ್ನಬೇಕು. ಹಸುವಿಗೆ ಸೂಜಿ ಹಾಕಿಸಲು ದನದ ಆಸ್ಪತ್ರೆಗೆ ಹೋಗಿದ್ದೆವು. ಅಲ್ಲಿನ ಕಾಂಪೌಂಡರು ಆಸ್ಪತ್ರೆಯ ಹಿಂದೆಯೇ ಇದ್ದ ತಮ್ಮ ಮನೆಯಲ್ಲಿ ಮೊಲ ಸಾಕಿದ್ದರು. ನಾನು ಗೂಡಿನ ಮುಂದೆ ಕೂತವಳು ಏಳಲೇ ಇಲ್ಲ. ಅಪ್ಪ ಹಸು ಹಿಡಿದುಕೊಂಡು ಎರಡು ಸಲ ಕರೆದ, ಮೂರನೇ ಸಲ ನಕ್ಕುಬಿಟ್ಟ. ಅಪ್ಪ ನಕ್ಕರೆ ಕೆಲಸ ಆದ ಹಾಗೆ ಅಂತ ನನಗೆ ಗೊತ್ತಿತ್ತು. ಒಂದು ಬಿಳಿ, ಒಂದು ಬೂದಿ ಬಣ್ಣದ್ದು, ಎರಡೂ ನನ್ನ ಅಂಗೈ ತುಂಬುವಷ್ಟಿದ್ದವು. ಬಿಳಿಯದಕ್ಕೆ ಮಲ್ಲಿ ಅಂತ ಹೆಸರಿಟ್ಟೆ, ಬೂದಿ ಬಣ್ಣದ್ದಕ್ಕೆ ಹೆಸರು ಹುಡುಕಲು ಸೋಮಾರಿತನವಾಗಿ ಬೂದಿ ಅಂತಲೇ ಕರೆದೆ. ಅಜ್ಜಿ ಮಾತ್ರ ಕೊನೆಯವರೆಗೂ ಅವನ್ನು ಕುಂದೇಲು ಅಂತ ತೆಲುಗಿನಲ್ಲೇ ಕರೆದಳು, ಅದೂ ಮೂಗು ಮುರಿದುಕೊಂಡು.

ಕಾಂಪೌಂಡರು ಸುಮ್ಮನೆ ಕೊಟ್ಟು ಕಳಿಸುವ ಪೈಕಿಯಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು. ನೆಲದ ಮೇಲೆ ಬಿಡಬೇಡ, ಕಡ್ಡಿ ಬಿಟ್ಟು ಬಿಟ್ಟು ಹೊಡೆದ ಗೂಡು ಮಾಡಿಸು, ಹಿಕ್ಕೆ ಕೆಳಗೆ ಬಿದ್ದುಹೋಗಲಿ. ತಾನು ಹಾಕಿದ ಹಿಕ್ಕೆ ಮೆತ್ತಿದ ಸೊಪ್ಪನ್ನೇ ತಿಂದರೆ ಮರಿ ಮೊಲಕ್ಕೆ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಜಂತು ಬೆಳೆದು, ಹೊಟ್ಟೆ ಉಬ್ಬಿ, ಭೇದಿಯಾಗಿ ಎರಡೇ ದಿನಕ್ಕೆ ಸಾಯುತ್ತದೆ. ಅದಕ್ಕೇ ಸೊಪ್ಪನ್ನು ಕಟ್ಟಿ ಮೇಲಿಂದ ತೂಗುಹಾಕು. ಒದ್ದೆ ಸೊಪ್ಪು ಬೇಡ. ಹುಲ್ಲು ಒದ್ದೆಯಾದರೆ ಅವತ್ತೇ ಬದಲಾಯಿಸು. ಮಳೆಗಾಲದಲ್ಲಿ ದಿನಾ ಬಾಲ ಎತ್ತಿ ಹಿಂದುಗಡೆ ನೋಡು, ಗಲೀಜು ಅಂಟಿಕೊಂಡಿದ್ದರೆ ನೊಣ ಮೊಟ್ಟೆಯಿಟ್ಟುಬಿಡುತ್ತದೆ. ಹೊಸ ಮೊಲ ತಂದರೆ ಹದಿನೈದು ದಿನ ಬೇರೆ ಇಡು. ನಾನು ತಲೆಯಾಡಿಸುತ್ತಾ ಹೋದೆ. ಇದರಲ್ಲಿ ಹೊಸದೇನೂ ಇರಲಿಲ್ಲ, ನಮ್ಮ ಅಜ್ಜಿಯ ಕಾನೂನುಗಳೇ ಮೊಲದ ಚರ್ಮ ಹೊದ್ದುಕೊಂಡು ಬಂದಿದ್ದವು ಅಷ್ಟೆ. ಅಪ್ಪ ದನದ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ತಟ್ಟೆಗಳ ಬಿದಿರಿನಿಂದ ಗೂಡು ಕಟ್ಟಿಕೊಟ್ಟ. ಹುಳು ತಿಂದು ಬಿಟ್ಟದ್ದನ್ನು ಹಾಕಬಾರದು, ಆದರೆ ಹಿಪ್ಪುನೇರಳೆ ಕಡ್ಡಿಯ ತುದಿಯ ಒರಟು ಎಲೆ ಮೊಲಗಳಿಗೆ ಸಿಗುತ್ತಿತ್ತು. ಒಂದು ವರ್ಷ ನನ್ನ ಮೊಲಗಳಿಗೆ ಒಂದು ಸೀನು ಕೂಡ ಬರಲಿಲ್ಲ. ದೊಡ್ಡಪ್ಪನ ಗಂಡುಮಕ್ಕಳು ನನ್ನನ್ನು ಡಾಕ್ಟರಮ್ಮ ಅಂತ ರೇಗಿಸುತ್ತಿದ್ದರು. ಕೋಪ ಬಂದಂತೆ ತೋರಿಸಿಕೊಳ್ಳುತ್ತಿದ್ದೆ, ಒಳಗೊಳಗೇ ಉಬ್ಬುತ್ತಿದ್ದೆ.

ಮುಂದಿನ ಬೇಸಗೆಯ ಬೆಳೆಯಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಜಗಳವಾಯಿತು. ಜಗಳ ಊಟದ ಹೊತ್ತಿಗೆ ಆಗುವುದು ನಮ್ಮ ಮನೆಯ ಪದ್ಧತಿ, ಮುದ್ದೆ ಮುರಿಯುವಾಗ ಬಾಯಿಗೂ ಬಲ ಬರುತ್ತಿತ್ತೋ ಏನೋ.

"ಇಷ್ಟೊಂದು ಹುಳ ಯಾಕ್ ಕಟ್ದೆ? ನಮ್ ತೋಟದ ಎಲೆ ಸಾಲಲ್ಲ ಕಣೋ."

"ಸಾಲ್ತದೆ ಬಿಡಣ್ಣ. ನಾನ್ ನೋಡ್ಕೊಂತೀನಿ."

"ನಾಲ್ಕನೇ ಜ್ವರ ಎದ್ದ ಮೇಲೆ ಎಷ್ಟು ತಿಂತವೆ ಗೊತ್ತಾ? ಆಮೇಲೆ ಊರೂರು ಎಲೆ ಹುಡುಕ್ಕೊಂಡು ತಿರುಗ್ಬೇಡ. ಎಲೆ ಸಾಲ್ದೆ ಹುಳ ಕೆಟ್ರೆ, ಈ ಸಲ ನಿಂದು ನಿಂಗೆ ನಂದು ನಂಗೆ. ಅವ್ವನ ಮುಂದೇನೇ ಹೇಳ್ತಿದೀನಿ."

ಹುಳು ಪೊರೆ ಬಿಡುವಾಗ ತಿನ್ನದೆ ತಲೆಯೆತ್ತಿಕೊಂಡು ಮಲಗುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದು ಎದ್ದ ಹುಳು ಒಂದು ವಾರ ಹಗಲು ರಾತ್ರಿ ತಿನ್ನುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಅಪ್ಪ ತಲೆ ಎತ್ತದೆ ಊಟ ಮಾಡಿದ. ಮನೆ ಒಡೆಯುತ್ತದೆ ಅನ್ನುವ ಮಾತನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು, ಮತ್ತು ಗೋಡೆಯನ್ನು ಹಾರೆಯಿಂದ ಒಡೆಯುತ್ತಾರೆ ಅಂತಲೇ ನಂಬಿ ಹೆದರಿಕೊಂಡಿದ್ದೆ.

ಅದೇ ಸಮಯಕ್ಕೆ ಮಲ್ಲಿ ತಲೆ ಒದರತೊಡಗಿತು. ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವುದು, ತಲೆ ಒಂದು ಕಡೆ ವಾಲಿಸುವುದು, ಮತ್ತೆ ಒದರುವುದು. ಕಿವಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಳಗೆ ಕಂದು ಬಣ್ಣದ ಹಕ್ಕಳೆ, ಪದರ ಪದರವಾಗಿ, ಸೀದುಹೋದ ದೋಸೆಯ ಚೂರುಗಳ ಹಾಗೆ ಕೂತಿತ್ತು. ಒಂದು ಥರ ವಾಸನೆ. ಮುಟ್ಟಿದರೆ ನೋವಿಗೆ ಒದ್ದುಕೊಂಡಿತು. ಅಮ್ಮ ಹೊಂಗೆ ಎಣ್ಣೆ ಬಿಡೋಣ ಅಂದಳು, ಅಜ್ಜಿ ಹುಳದ ಮನೆಯ ಬಾಗಿಲಿನಿಂದಲೇ ಗದರಿಸಿದಳು. ದೊಡ್ಡಮ್ಮ ಉಣ್ಣೆ ಪುಡಿ ಉದುರಿಸಿ ಕೊಡವಿಬಿಡು ಅಂದಳು. ನಾನು ಯಾರ ಮಾತೂ ಕೇಳದೆ ಬುಟ್ಟಿಯಲ್ಲಿ ಮೊಲಗಳನ್ನು ಹಾಕಿಕೊಂಡು ಅಪ್ಪನ ಮೊಪೆಡ್ಡಿನ ಹಿಂದೆ ಕೂತು ಆಸ್ಪತ್ರೆಗೆ ಹೋದೆ.

ಕಾಂಪೌಂಡರು ಕಿವಿಯೊಳಗೆ ಟಾರ್ಚು ಬಿಟ್ಟು ನೋಡಿ ತಲೆಯಾಡಿಸಿದರು.

"ಕಿವಿ ನುಸಿ ಕಣಮ್ಮ. ಹಕ್ಕಳೆ ಕೀಳ್ಬೇಡ, ರಕ್ತ ಬರ್ತದೆ. ದಿನಾ ಎರಡು ಹನಿ ಎಳ್ಳೆಣ್ಣೆ ಬಿಡು, ಅದೇ ಮೆತ್ತಗಾಗಿ ಬೀಳ್ತದೆ. ನಾನು ಸೂಜಿ ಹಾಕ್ತೀನಿ. ಉಣ್ಣೆ ಪುಡಿ ಮಾತ್ರ ಹಾಕ್ಲೇಬೇಡ, ಮೈ ನೆಕ್ಕೊಂಡು ಸತ್ತೋಗ್ತವೆ."

"ಬೂದಿಗೆ ಏನೂ ಆಗಿಲ್ಲ."

"ಆಗಿಲ್ದಿದ್ರೂ ಹಾಕ್ಬೇಕು. ಒಂದೇ ಗೂಡಲ್ಲಿದಾವಲ್ಲ. ಹುಲ್ಲು ಸುಟ್ಹಾಕು, ಗೂಡಿಗೆ ಕುದಿಯೋ ನೀರು ಹುಯ್ದು ಬಿಸಿಲಿಗಿಡು. ಇನ್ನೊಂದು ಮಾತು. ಈ ಮದ್ದಿಗೆ ನುಸಿ ಸಾಯ್ತದೆ, ಮೊಟ್ಟೆ ಸಾಯಲ್ಲ. ಮೊಟ್ಟೆ ಒಡೆದು ಮತ್ತೆ ಬರ್ತವೆ. ಎರಡು ವಾರಕ್ಕೆ ಎರಡನೇ ಸಲ ಹಾಕಿಸ್ದೆ ಹೋದ್ರೆ ಮೊದಲನೇದು ದಂಡ. ಎಲ್ರೂ ಅಲ್ಲೇ ತಪ್ಪು ಮಾಡೋದು, ಕೆರೆಯೋದು ನಿಲ್ತು ಅಂತ ಸುಮ್ನಾಗ್ತಾರೆ."

ಆಮೇಲೆ ಅಪ್ಪನ ಕಡೆ ತಿರುಗಿ, ನಿಮ್ಮ ಮನೇಲಿ ಹುಳ ಇದೆಯಲ್ಲ, ಮದ್ದು ಹಾಕಿದ ದಿನ ಮೊಲ ಮುಟ್ಟಿದ ಕೈ ಹುಳದ ಹತ್ರ ಹೋಗಬಾರದು ಅಂದರು. ನುಸಿಗೆ ಆಗದ್ದು ರೇಷ್ಮೆ ಹುಳುವಿಗೂ ಆಗದು. ದಾರಿಯಲ್ಲಿ ಅಪ್ಪ ಮೊಪೆಡ್ ನಿಲ್ಲಿಸಿ ನನ್ನಿಂದ ಮಾತು ತೆಗೆದುಕೊಂಡ. ಮದ್ದು ಹಾಕಿದ ದಿನ ಮತ್ತು ಮಾರನೇ ದಿನ ನಾನು ಹುಳದ ಮನೆಯ ಕಡೆಗೇ ಬರಬಾರದು, ಎಲೆ ಮುಟ್ಟಬಾರದು, ಹೊರಗಿನ ಜಗುಲಿಯಲ್ಲೇ ಊಟ, ಅಲ್ಲೇ ನಿದ್ದೆ. ನಾನು ಅಪ್ಪನ ತಲೆ ಮುಟ್ಟಿ ಆಣೆ ಮಾಡಿದೆ. ಮೊದಲ ಸಲ ಹಾಗೇ ನಡೆದುಕೊಂಡೆ, ಏನೂ ಆಗಲಿಲ್ಲ. ಎಳ್ಳೆಣ್ಣೆಗೆ ಹಕ್ಕಳೆ ಮೆತ್ತಗಾಗಿ ಉದುರಿ, ಕೆಳಗೆ ಗುಲಾಬಿ ಬಣ್ಣದ ಎಳೆ ಚರ್ಮ ಕಾಣಿಸಿತು.

ಎರಡನೇ ಸಲದ ದಿನ ಒಂದು ಭಾನುವಾರ ಬಂತು. ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದು ನಾಲ್ಕು ದಿನವಾಗಿತ್ತು. ಎಲೆಗೆ ತತ್ವಾರ ಶುರುವಾಗಿತ್ತು. ಅಪ್ಪ ಬೆಳಕು ಹರಿಯುವ ಮೊದಲೇ ಎದ್ದು ಎಲ್ಲಿಂದಲೋ ಎಲೆಯ ಹೊರೆ ತರುತ್ತಿದ್ದ, ಎಲ್ಲಿಂದ ಅಂತ ದೊಡ್ಡಪ್ಪ ಕೇಳಿದರೆ ನಮ್ಮದೇ ಕೆಳಗಿನ ತೋಟದ್ದು ಅನ್ನುತ್ತಿದ್ದ. ಇಂಥ ಹೊತ್ತಿನಲ್ಲಿ ಮದ್ದು ಬೇಡ, ಹುಳುಗಳನ್ನು ಗೂಡು ಕಟ್ಟಲು ಬಿಟ್ಟ ಮೇಲೆ ಹಾಕಿಸಿದರಾಯಿತು ಅಂದಳು ಅಜ್ಜಿ. ನಾನು ಅತ್ತೆ. ಕಾಂಪೌಂಡರ ಮಾತನ್ನು ಅವರದೇ ಧಾಟಿಯಲ್ಲಿ ಹೇಳಿ ತೋರಿಸಿದೆ. ಅಪ್ಪ ನನ್ನ ಪರವಾಗಿ ನಿಂತ, ಪಾಪ ಹೇಳಿದ ಹಾಗೆ ನಡಕೊಳ್ಳುತ್ತೆ ಅಂದ. ಮನೆಯಲ್ಲಿ ಎಲ್ಲರೂ ನನ್ನನ್ನು ಪಾಪ ಅಂತಲೇ ಕರೆಯುತ್ತಿದ್ದರು. ಅವತ್ತು ಅಪ್ಪನಿಗೆ ತೋಟದ ಕೆಲಸ, ಹಾಗಾಗಿ ಬೆಳಗ್ಗೆ ನಾನೂ ಅಮ್ಮನೂ ನಡೆದೇ ಹೋಗಿ ಸೂಜಿ ಹಾಕಿಸಿಕೊಂಡು ಬಂದೆವು. ಅಮ್ಮ ನನ್ನ ಕೈಯನ್ನು ಒಲೆಯ ಬೂದಿ ಹಾಕಿ, ಸೀಗೆಪುಡಿ ಹಾಕಿ, ಮತ್ತೆ ಸೋಪು ಹಾಕಿ ತಿಕ್ಕಿದಳು. ನನ್ನ ಲಂಗ ಬಿಚ್ಚಿಸಿ ಬೇರೆ ತೊಡಿಸಿದಳು. ಜಗುಲಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದಳು. ಅಷ್ಟು ಕೆಲಸದ ನಡುವೆಯೂ ಅವತ್ತಿಡೀ ಅವಳು ನನ್ನನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡಿದ್ದಳು. ರಾತ್ರಿ ನನ್ನ ಜೊತೆ ಜಗುಲಿಯಲ್ಲೇ ಮಲಗಿದಳು. ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ಎರಡು ದಿನದಲ್ಲಿ ನಾನು ಎಲ್ಲಿದ್ದೆ, ಏನು ಮುಟ್ಟಿದೆ ಅನ್ನುವುದಕ್ಕೆ ಇಡೀ ಪ್ರಪಂಚದಲ್ಲಿ ಒಬ್ಬಳೇ ಒಬ್ಬಳು ಸಾಕ್ಷಿ ಇದ್ದಳು.

ಸೋಮವಾರ ಬೆಳಗ್ಗೆ ಹುಳದ ಮನೆಯಿಂದ ದೊಡ್ಡಮ್ಮ ಕೂಗಿದ್ದು ಕೇಳಿಸಿತು. ನಾನು ಆಣೆಗೆ ಹೆದರಿ ಜಗುಲಿಯಲ್ಲೇ ಕೂತೆ. ಒಳಗೆ ನೋಡಿದವರು ಆಮೇಲೆ ಹೇಳಿದರು: ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವಂತೆ, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವಂತೆ, ನೋಡನೋಡುತ್ತಲೇ ಮುದುಡಿ ಗಿಡ್ಡವಾಗಿ ತಟ್ಟೆಯಿಂದ ಉದುರುತ್ತಿದ್ದವಂತೆ. ರೋಗ ಬಂದರೆ ನಿಧಾನವಾಗಿ ಸಾಯುತ್ತವೆ, ಇದು ವಿಷ ಅಂತ ಹುಳು ಸಾಕಿದ ಯಾರಿಗಾದರೂ ಗೊತ್ತಾಗುತ್ತದೆ. ಆ ಗಲಾಟೆಯಲ್ಲಿ ಅಮ್ಮ ಒಳಗಿನಿಂದ ಬಂದವಳು ಮಾಡಿದ ಮೊದಲ ಕೆಲಸ ಅಂದರೆ ನೇರವಾಗಿ ಕೊಟ್ಟಿಗೆಗೆ ಹೋಗಿ, ನನ್ನ ಮೊಲಗಳ ಗೂಡಿನಲ್ಲಿ ಅಪ್ಪ ತೂಗುಹಾಕಿದ್ದ ಹಿಪ್ಪುನೇರಳೆ ಕಡ್ಡಿಗಳನ್ನು ಕಿತ್ತು ತಿಪ್ಪೆಗೆ ಎಸೆದದ್ದು. ನನಗೆ ಅದು ಯಾಕೆ ಅಂತ ಆಗ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ದೊಡ್ಡಪ್ಪ ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ. ಆಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ಒಲೆ ಹಚ್ಚಿರಲಿಲ್ಲ. ಅಜ್ಜಿ ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡಳು. ಪೂರ್ತಿ ತೆಲುಗಿಗೆ ಇಳಿದಿದ್ದಳು.

"ಲೋಪಲಿಕಿ ಪೋಯಿನಾವಾ? ನಿಜಂ ಚೆಪ್ಪು."

ಒಳಗೆ ಹೋಗಿದ್ದೆಯಾ, ನಿಜ ಹೇಳು. ಇಲ್ಲ ಅಂದೆ. ಅಪ್ಪನ ಮೇಲೆ ಆಣೆ ಮಾಡಿದ್ದೆ, ಇಲ್ಲ ಅಂದೆ. ಅಜ್ಜಿ ಅಪ್ಪನನ್ನು ನೋಡಿದಳು. ದೊಡ್ಡಪ್ಪನೂ ಅಪ್ಪನನ್ನೇ ನೋಡುತ್ತಿದ್ದ. ನಾನೂ ನೋಡಿದೆ, ಏಕೆಂದರೆ ನನ್ನ ಪರವಾಗಿ ನಿಲ್ಲುವವನು ಅವನೇ ಅಂತ ನನಗೆ ಅನುಮಾನವೇ ಇರಲಿಲ್ಲ.

"ಬಂದಿತ್ತು," ಅಂದ ಅಪ್ಪ. "ನಿನ್ನೆ ಮಧ್ಯಾಹ್ನ. ನಾನು ಎಲೆ ಹಾಕ್ತಿದ್ದೆ. ಬಾಗಿಲ ಹತ್ರ ತಟ್ಟೆ ಹಿಡ್ಕೊಂಡು ನಿಂತಿತ್ತು. ಓಡಿಸ್ದೆ. ಮಗು ಅಂತ ಯಾರಿಗೂ ಹೇಳ್ಲಿಲ್ಲ."

ನಾನು ಅಮ್ಮನ ಕಡೆ ತಿರುಗಿದೆ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ನಿನ್ನೆ ಮಧ್ಯಾಹ್ನ ಅವಳು ಎಲ್ಲಿದ್ದಳು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಬೆರಳುಗಳ ಸಂದಿ ಅವಳು ತಿಕ್ಕಿದ ಕಡೆ ಇನ್ನೂ ಉರಿಯುತ್ತಿತ್ತು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು, ಒಳಗೆ ಹೋದಳು. ಆಮೇಲೆ ನನಗೆ ಬಿದ್ದ ಏಟುಗಳು ನೆನಪಿಲ್ಲ. ಯಾರು ಹೊಡೆದರು ಅನ್ನುವುದೂ ಸರಿಯಾಗಿ ನೆನಪಿಲ್ಲ, ದೊಡ್ಡಮ್ಮ ಇರಬೇಕು. ನೆನಪಿರುವುದು ಅಮ್ಮನ ಬೆನ್ನು ಮಾತ್ರ. ಇಷ್ಟು ವರ್ಷಗಳಾದ ಮೇಲೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಇದನ್ನು ಬರೆಯುವಾಗಲೂ ಬಂತು.

ಮೊಲಗಳು ಈ ಮನೆಯಲ್ಲಿ ಇರಕೂಡದು ಅಂತ ಅಜ್ಜಿ ಹೇಳಿದಳು. ಮರುದಿನ ಬೆಳಗ್ಗೆ ಅಪ್ಪ ಬುಟ್ಟಿಯಲ್ಲಿ ಎರಡನ್ನೂ ಹಾಕಿ ಮೊಪೆಡ್ಡಿಗೆ ಕಟ್ಟಿದ. ಕಾಂಪೌಂಡರ ಹತ್ತಿರ ವಾಪಸು ಬಿಟ್ಟು ಬರುತ್ತೇನೆ, ಅಲ್ಲಿ ಚೆನ್ನಾಗಿರುತ್ತವೆ, ಬೇಕಾದಾಗ ಹೋಗಿ ನೋಡು ಅಂದ. ಮಲ್ಲಿಯ ಕಿವಿ ಅಷ್ಟು ಹೊತ್ತಿಗೆ ಪೂರ್ತಿ ವಾಸಿಯಾಗಿತ್ತು. ಬುಟ್ಟಿಯ ಸಂದಿಯಿಂದ ಒಂದು ಕಿವಿ ನೆಟ್ಟಗೆ ಹೊರಗೆ ಚಾಚಿಕೊಂಡಿತ್ತು.

ಎಂಟು ಹತ್ತು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೇ ಅನುಮಾನ ಶುರುವಾಯಿತು. ಅಪ್ಪ ಸುಳ್ಳು ಹೇಳುವವನಲ್ಲ, ಹಾಗಾದರೆ ನಾನು ಹೋಗಿದ್ದಿರಬಹುದೇ? ಬಾಗಿಲ ಹತ್ತಿರ ತಟ್ಟೆ ಹಿಡಿದುಕೊಂಡು ನಿಂತ ಹಾಗೆ, ಒಳಗೆ ತಂಪಾದ ಎಲೆಯ ವಾಸನೆ ಬಂದ ಹಾಗೆ ಕಾಣತೊಡಗಿತು. ಇನ್ನೆರಡು ವಾರ ಕಳೆದಿದ್ದರೆ ನಾನು ಹೋಗಿದ್ದೆ ಅಂತಲೇ ನಂಬಿಬಿಡುತ್ತಿದ್ದೆ. ಅಷ್ಟರಲ್ಲಿ ಪಕ್ಕದ ತೋಟದ ವೆಂಕಟಪ್ಪ ಸಿಕ್ಕಿದರು. ಅವರದು ಅರ್ಧ ಎಕರೆ ಹಿಪ್ಪುನೇರಳೆ, ಅದಕ್ಕೆ ಅಂಟಿಕೊಂಡೇ ಟೊಮೇಟೊ. ನಾನು ಸ್ಕೂಲಿನಿಂದ ಬರುತ್ತಿದ್ದೆ, ಅವರು ಕೋಲು ನೆಡುತ್ತಿದ್ದರು.

"ಏನಮ್ಮ ಪಾಪ, ಹುಳ ಪೂರ್ತಿ ಹೋಯ್ತಂತಲ್ಲ. ನಾನು ನಿಮ್ಮಪ್ಪಂಗೆ ಹೇಳ್ದೆ ಕಣಮ್ಮ. ನಿನ್ನೆ ತಾನೇ ಟೊಮೇಟೊಗೆ ಔಷಧಿ ಹೊಡ್ದಿದೀನಿ, ಗಾಳಿ ಈ ಕಡೀಕೆ ಇತ್ತು, ಈ ಸಾಲು ಕುಯ್ಬೇಡಪ್ಪ, ಹದಿನೈದು ದಿನ ಬಿಡು ಅಂತ. ತೊಳ್ಕೊಂಡು ಹಾಕ್ತೀನಿ ಅಂದ. ಎಲೆ ತೊಳೆದ್ರೆ ಹೋಗ್ತದಾ ಅದು?"

ನಾನು ಓಡಲಿಲ್ಲ, ಅಳಲೂ ಇಲ್ಲ. ನೇರವಾಗಿ ನಮ್ಮ ಕೆಳಗಿನ ತೋಟಕ್ಕೆ ಹೋದೆ. ಅಪ್ಪ ಬದು ಕಟ್ಟುತ್ತಿದ್ದ. ವೆಂಕಟಪ್ಪ ಹೇಳಿದ್ದನ್ನು ಹೇಳಿದೆ. ಅಪ್ಪ ಗುದ್ದಲಿ ಕೆಳಗಿಟ್ಟು ಬದುವಿನ ಮೇಲೆ ಕೂತು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಬೈಯುತ್ತಾನೆ ಅಂದುಕೊಂಡಿದ್ದೆ. ಸಮಾನ ವಯಸ್ಸಿನವರ ಜೊತೆ ಮಾತಾಡುವ ಹಾಗೆ ಮಾತಾಡಿದ.

"ನೋಡು ಪಾಪ. ನಿನ್ ಮೇಲೆ ಬಂದ್ರೆ ನಾಲ್ಕು ದಿನ ಬೈತಾರೆ, ಮರೀತಾರೆ. ಮಗು ಅಲ್ವಾ. ನನ್ ಮೇಲೆ ಬಂದ್ರೆ ನಿಮ್ ದೊಡ್ಡಪ್ಪ ಸುಮ್ನಿರಲ್ಲ. ಮನೆ ಒಡೀತದೆ. ಅಜ್ಜಿ ಅದೇ ಕೊರಗಲ್ಲಿ ಹೋಗ್ತಾಳೆ."

"ಅಮ್ಮಂಗೆ ಗೊತ್ತಾ?"

"ಗೊತ್ತು. ಮೂರೇ ಜನಕ್ಕೆ ಗೊತ್ತು. ನಾನು, ನಿಮ್ಮಮ್ಮ, ನೀನು. ವೆಂಕಟಪ್ಪನ ಬಾಯಿ ನಾನು ಮುಚ್ಚಿಸ್ತೀನಿ. ನಿನ್ ಕೈಲಿ ಆಗ್ತದಾ?"

ಮೊಲದ ಗೂಡಿನಿಂದ ಅಮ್ಮ ಯಾಕೆ ಕಡ್ಡಿ ಕಿತ್ತೆಸೆದಳು ಅಂತ ಆಗ ಅರ್ಥವಾಯಿತು. ಮೊಲ ಸಾಯಬಾರದು ಅಂತ ಅವಳಿಗೆ ಅನ್ನಿಸಿತ್ತು, ಅಷ್ಟು ಕರುಣೆ ಇತ್ತು. ಅದರಲ್ಲಿ ಒಂದು ಚೂರನ್ನು ನನಗೂ ಎತ್ತಿಟ್ಟಿದ್ದರೆ ಆಗುತ್ತಿತ್ತು. ಆದರೆ ನಿಜ ಹೇಳಬೇಕು, ಆ ಬದುವಿನ ಮೇಲೆ ಕೂತಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಬಂದದ್ದು ಹೆಮ್ಮೆ. ಅಪ್ಪ ನನ್ನನ್ನು ಕೇಳುತ್ತಿದ್ದಾನೆ, ನಿನ್ನ ಕೈಲಿ ಆಗುತ್ತದಾ ಅಂತ. ಇಡೀ ಮನೆ ನನ್ನ ಬಾಯಿಯ ಮೇಲೆ ನಿಂತಿದೆ. ಆಗ್ತದೆ ಅಂದೆ. ಒಂಬತ್ತು ವರ್ಷದ ಹುಡುಗಿಯನ್ನು ಹಾಗೆ ಕೇಳಿ ಒಪ್ಪಿಸುವುದು ಎಷ್ಟು ಸುಲಭ ಅಂತ ಅಪ್ಪನಿಗೆ ಗೊತ್ತಿತ್ತು. ನನಗೆ ಗೊತ್ತಾಗಲು ನಾನೂ ಒಬ್ಬ ಮಗಳ ತಾಯಿಯಾಗಬೇಕಾಯಿತು.

ಮೂರು ತಿಂಗಳ ಮೇಲೆ ಹಸುವಿನ ಜೊತೆ ಆಸ್ಪತ್ರೆಗೆ ಹೋದೆ. ಅಪ್ಪ ಹೊರಗೆ ಯಾರ ಜೊತೆಗೋ ಮಾತಾಡುತ್ತಿದ್ದ. ನಾನು ಸೀದಾ ಹಿಂದುಗಡೆ ಗೂಡುಗಳ ಹತ್ತಿರ ಓಡಿದೆ. ಒಂದೊಂದೇ ಗೂಡು ನೋಡಿದೆ. ಎರಡು ಸಲ ನೋಡಿದೆ. ಹಿಂದಿನಿಂದ ಕಾಂಪೌಂಡರು ಬಂದರು.

"ಏನಮ್ಮ, ಎರಡನೇ ಸಲದ ಮದ್ದು ಆದ್ಮೇಲೆ ಈ ಕಡೆ ಬರ್ಲೇ ಇಲ್ಲ. ಮೊಲ ಹೇಗಿದಾವೆ? ಕಿವಿ ವಾಸಿ ಆಯ್ತಾ?"

"ಆಯ್ತು. ಚೆನ್ನಾಗಿದಾವೆ."

ಅದು ನಾನು ತಿಳಿದು ತಿಳಿದು ಹೇಳಿದ ಮೊದಲ ಸುಳ್ಳು, ಅದೂ ಅಪ್ಪನ ಮಾನ ಉಳಿಸಲು. ಅವರು ನನ್ನ ತಲೆ ಸವರಿ, ಹಾಗೇ ನೋಡ್ಕೋ, ಮಳೆಗಾಲ ಬಂತು ಅಂದರು. ಮೊಲಗಳನ್ನು ಎಲ್ಲಿ ಬಿಟ್ಟೆ ಅಂತ ನಾನು ಅಪ್ಪನನ್ನು ಕೇಳಲಿಲ್ಲ. ಕೇಳಿದರೆ ಅವನು ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ, ಅದನ್ನೂ ನಾನೇ ಹೊರಬೇಕಾಗುತ್ತದೆ ಅನ್ನಿಸಿತು.

ನಾಲ್ಕು ದಿನ ಬೈದು ಮರೆಯುತ್ತಾರೆ ಅಂದಿದ್ದ ಅಪ್ಪ. ಯಾರೂ ಮರೆಯಲಿಲ್ಲ. ನನ್ನದು ವಿಷದ ಕೈ ಅಂತ ಆಯಿತು. ಹುಳದ ಮನೆಗೆ ನನ್ನನ್ನು ಮತ್ತೆ ಸೇರಿಸಲಿಲ್ಲ. ಅಲ್ಲಿಂದ ಅದು ಉಪ್ಪಿನಕಾಯಿ ಜಾಡಿಗೆ ಬಂತು, ಹಾಲಿಗೆ ಹೆಪ್ಪು ಹಾಕುವುದಕ್ಕೆ ಬಂತು, ಸೊಪ್ಪಿನ ಮಡಿಗೆ ಬೀಜ ಚೆಲ್ಲುವುದಕ್ಕೆ ಬಂತು. ಯಾವುದು ಕೆಟ್ಟರೂ ಮೊದಲು ನನ್ನ ಕೈ ನೋಡುತ್ತಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ದೊಡ್ಡಮ್ಮ ಕಾಫಿ ಕೊಡುತ್ತಾ ಈ ಕಥೆಯನ್ನು ತಮಾಷೆಯಾಗಿ ಹೇಳಿದಳು, ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ನಾನು ಅಪ್ಪನ ಕಡೆ ನೋಡಿ ನಕ್ಕೆ, ನಮ್ಮಿಬ್ಬರ ಗುಟ್ಟು ಅನ್ನುವ ಹಾಗೆ. ಅಷ್ಟು ಪೆದ್ದಿ ನಾನು. ಈಗ ಶ್ರೀನಿವಾಸಪುರದಲ್ಲಿ ಟೀಚರ್ ಕೆಲಸ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಒಂದು ಬೀಗದ ಕೈ ಕಾಣದಿದ್ದರೆ, ನಾನೇ ಎಲ್ಲೋ ಇಟ್ಟಿರಬೇಕು ಅಂತ ಎಲ್ಲರಿಗಿಂತ ಮೊದಲು ಹೇಳುವವಳು ನಾನು. ಮುಟ್ಟಿಯೇ ಇರುವುದಿಲ್ಲ. ಮನೆಯಲ್ಲಿ ಹಾಲು ಒಡೆದರೆ ಗಂಡನ ಕ್ಷಮೆ ಕೇಳುತ್ತೇನೆ. ಅವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ನನಗೆ ಅಭ್ಯಾಸವಾಗಿಹೋಗಿದೆ. ಮನೆ ಒಡೆಯಬಾರದು ಅಂತ ಇಷ್ಟೆಲ್ಲ ಆಯಿತಲ್ಲ, ಆ ಮನೆ ಐದೇ ವರ್ಷಕ್ಕೆ ಒಡೆಯಿತು. ನಲ್ಲಿ ಯಾರ ಬಾಗಿಲ ಕಡೆ ಬರಬೇಕು ಅನ್ನುವ ಜಗಳಕ್ಕೆ ದೊಡ್ಡಪ್ಪ ಅರ್ಧ, ಅಪ್ಪ ಅರ್ಧ ಹಂಚಿಕೊಂಡರು. ನಡುವೆ ಗೋಡೆ ಎದ್ದಿತು, ಆದರೂ ಹಬ್ಬಕ್ಕೆ ಹುಣ್ಣಿಮೆಗೆ ಒಟ್ಟಿಗೇ ಊಟ. ಅಜ್ಜಿ ಗೋಡೆಯ ಎರಡೂ ಕಡೆ ಇನ್ನೂ ಹನ್ನೆರಡು ವರ್ಷ ಗಟ್ಟಿಮುಟ್ಟಾಗಿ ಓಡಾಡಿದಳು.

ಹೋದ ವರ್ಷ ದೊಡ್ಡಪ್ಪನ ಮೊಮ್ಮಗಳ ನಾಮಕರಣಕ್ಕೆ ಎಲ್ಲರೂ ಸೇರಿದ್ದೆವು. ದೊಡ್ಡಪ್ಪನ ಕಿರಿಯ ಸೊಸೆ ಮಾಲೂರಿನವಳು. ಲಕ್ಕೂರಿನ ಹತ್ತಿರ ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸ. ಅವಳು ಮನೆಯಲ್ಲಿ ಸಾಕಿದ ಮೊಲವೊಂದನ್ನು ಬಿಟ್ಟುಬರಲಾರದೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಜೊತೆಗೇ ತಂದಿದ್ದಳು. ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಮೊಲ ತಲೆ ಒದರಿತು. ಇನ್ನೊಮ್ಮೆ ಒದರಿತು. ನನ್ನ ಕೈ ತಾನಾಗಿಯೇ ಹೋಗಿ ಅದರ ಕಿವಿ ಎತ್ತಿತು. ನುಸಿ ಈಗಷ್ಟೇ ಶುರುವಾಗಿತ್ತು. ಹಕ್ಕಳೆ ಕೀಳಬೇಡ, ಡಾಕ್ಟರ ಹತ್ತಿರ ತೋರಿಸು, ಕೆರೆಯುವುದು ನಿಂತರೂ ಎರಡನೇ ಸಲದ ಮದ್ದು ತಪ್ಪಿಸಬೇಡ ಅಂತ ಆ ಹುಡುಗಿಗೆ ಹೇಳಿದೆ. ಅವಳು ಫೋನಿನಲ್ಲಿ ಬರೆದುಕೊಂಡಳು. ದೊಡ್ಡಮ್ಮ ಹಳೆಯ ಚಾಳಿಯಂತೆ ಶುರುಮಾಡಿದಳು.

"ಅವಳ ಕೈಗೆ ಕೊಡ್ಬೇಡ ಕಣೇ. ಮೊಲ ಮುಟ್ಟಿ ಮನೆ ಹುಳಾನೆಲ್ಲ ಸಾಯಿಸಿದೋಳು ಅವಳು."

ಎಲ್ಲರೂ ನಕ್ಕರು. ದೊಡ್ಡಪ್ಪ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕಡೆ ಒತ್ತರಿಸಿಕೊಂಡ.

"ಇನ್ನೂ ಅದನ್ನೇ ಹೇಳ್ತೀಯಲ್ಲೇ. ಪಾಪ ಏನ್ ಮಾಡಿತ್ತು? ಅದು ವೆಂಕಟಪ್ಪನ ತೋಟದ ಎಲೆ ಅಂತ ಯಾರ್ಗ್ ಗೊತ್ತಿರ್ಲಿಲ್ಲ? ಅವ್ವ ಅವತ್ತು ಗುಂಡಿ ಮುಚ್ಚೋ ಮೊದ್ಲೇ ತಿಪ್ಪೆಗೆ ಹೋಗಿ ಎಲೆ ಮೂಸಿ ನೋಡಿ ಬಂದು ನಂಗೆ ಹೇಳಿದ್ಲು. ನಿಂಗೂ ನಾನೇ ಆಗ್ಲೇ ಹೇಳಿದ್ನಲ್ಲ."

ದೊಡ್ಡಮ್ಮ ಹೌದು ಅಂತ ತಲೆಯಾಡಿಸಿದಳು, ಹಳೆಯ ಬೆಲ್ಲದ ದರ ನೆನಪಿಸಿಕೊಂಡ ಹಾಗೆ. ಅಜ್ಜಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ನಿಜ ಹೇಳು ಅಂದಾಗ ನಿಜ ಅವಳಿಗೆ ಗೊತ್ತಿತ್ತು. ದೊಡ್ಡಪ್ಪನಿಗೆ ಗೊತ್ತಿತ್ತು. ನನಗೆ ಹೊಡೆದ ದೊಡ್ಡಮ್ಮನಿಗೂ ಗೊತ್ತಿತ್ತು. ಯಾರಿಂದ ಮುಚ್ಚಿಡಬೇಕು ಅಂತ ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹಲ್ಲು ಕಚ್ಚಿಕೊಂಡಿದ್ದೆನೋ ಅವರೆಲ್ಲರಿಗೂ ಮೊದಲ ದಿನದಿಂದಲೇ ಗೊತ್ತಿತ್ತು. ಆ ಮನೆಯಲ್ಲಿ ಅದೊಂದು ಗುಟ್ಟು ಅಂತ ನಂಬಿದ್ದವಳು ನಾನೊಬ್ಬಳೇ.

"ಗೊತ್ತಿದ್ದೂ ಮೊಲಗಳನ್ನ ಯಾಕೆ ಕಳಿಸಿದ್ರಿ?" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ದೊಡ್ಡಪ್ಪ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದ.

"ನಿಮ್ಮಪ್ಪಂದೇ ತಪ್ಪು ಅಂತ ನಾನು ಬಾಯ್ಬಿಟ್ಟಿದ್ರೆ, ಅವ್ವನ ಮುಂದೆ ಆಡಿದ್ ಮಾತಿಗೆ ನಾನು ಬೇರೆ ಹೋಗ್ಲೇಬೇಕಾಗಿತ್ತಲ್ಲಮ್ಮ. ಯಾರಿಗೆ ಬೇಕಿತ್ತು ಅದು? ಅವ್ವ ಸುಮ್ನಿರು ಅಂದ್ಲು. ಏನೋ ಒಂದು ಮನೆಯಿಂದಾಚೆ ಹೋಗ್ಬೇಕಿತ್ತು, ಮೊಲ ಹೋದ್ವು. ನೀನು ಚಿಕ್ಕವಳು, ಮರ್ತಿರ್ತೀಯ ಅಂದ್ಕೊಂಡ್ವಿ."

ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳು ಅದರ ಟೋಪಿ ಸರಿಮಾಡಿದಳು, ಸರಿಯಾಗಿಯೇ ಇದ್ದ ಟೋಪಿಯನ್ನು. ಅವಳಿಂದ ನಾನು ಏನನ್ನೂ ಬಯಸಲಿಲ್ಲ. ಅಪ್ಪ ಕಂಬಕ್ಕೆ ಒರಗಿಕೊಂಡಿದ್ದ. ಕಿವಿ ಸ್ವಲ್ಪ ಮಂದವಾಗಿದೆ, ಹಾಗಾಗಿ ಹತ್ತಿರ ಹೋಗಿ ಕೂತೆ. ಎಲೆಯ ವಿಷಯ ಕೇಳಬೇಕು ಅಂತ ಇರಲಿಲ್ಲ, ಸುಳ್ಳಿನ ವಿಷಯವೂ ಬೇಡವಾಗಿತ್ತು. ಆಸ್ಪತ್ರೆಯ ಹಿಂದೆ ಗೂಡುಗಳನ್ನು ಎರಡು ಸಲ ನೋಡಿ ಬಂದ ದಿನದಿಂದ ಒಂದೇ ಒಂದು ಮಾತು ಕೇಳದೆ ಉಳಿದಿತ್ತು.

"ಅಪ್ಪಾ, ಮಲ್ಲೀನ, ಬೂದೀನ ಎಲ್ಲಿ ಬಿಟ್ಟು ಬಂದೆ?"

"ಯಾರ್ನ?"

"ಮೊಲ, ಅಪ್ಪಾ. ನನ್ ಮೊಲ."

ಅಪ್ಪ ಹುಬ್ಬು ಗಂಟಿಕ್ಕಿ ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಆಮೇಲೆ ಸೊಸೆಯ ಪ್ಲಾಸ್ಟಿಕ್ ಪೆಟ್ಟಿಗೆಯ ಕಡೆ ಕೈ ತೋರಿಸಿ, ಮೊಲ ಅಲ್ಲೇ ಇದೆಯಲ್ಲಮ್ಮ, ನಾವೆಲ್ಲಿ ಮೊಲ ಸಾಕಿದ್ವಿ ಅಂದ.

ಅಪ್ಪ ಸುಳ್ಳು ಹೇಳುವಾಗ ಅವನ ಮುಖ ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದು ಆ ಮುಖವಾಗಿರಲಿಲ್ಲ. ಆ ಮುಖವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.